ಬಂಡೆಗೊಂದು ಮೀನು: ಮಲಾವಿ ಸರೋವರದ ಮುಂಬೊ ದ್ವೀಪದಲ್ಲಿ ನಾಲ್ಕು ರಾತ್ರಿ

ಮೈಸೂರಿನ ನಮ್ಮ ಮನೆಯ ನಡುಮನೆಯಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯೊಂದಿದೆ. ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ದಿನಗಳಲ್ಲಿ, ಮೊಟ್ಟೆಗಳನ್ನು ಬಾಯೊಳಗೇ ಇಟ್ಟುಕೊಂಡು ಮರಿಮಾಡುವ ಮೀನನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬೇಕೆಂಬ ಆಸೆಯಿಂದ ಅಂಗಡಿಯಿಂದ ಆರು ಮೀನುಗಳನ್ನು ತಂದಿದ್ದೆ. ಅಂಗಡಿಯವರು ಅವುಗಳನ್ನು ‘ಆಫ್ರಿಕನ್ ಸಿಕ್ಲಿಡ್’ ಎಂದಷ್ಟೇ ಹೇಳಿ ಕೊಟ್ಟಿದ್ದರು. ಪುಸ್ತಕಗಳನ್ನು ತಿರುವಿದ ಮೇಲೆ ಅವು ಮೆಲನೊಕ್ರೋಮಿಸ್ ಆರೇಟಸ್ ಎಂದೂ, ಮಲಾವಿ ಸರೋವರದ ದಕ್ಷಿಣ ಭಾಗದ ಬಂಡೆಗಳ ನಡುವೆ ಹುಟ್ಟಿ ಬೆಳೆಯುವ ಮೀನುಗಳೆಂದೂ ತಿಳಿಯಿತು. ಹೆಣ್ಣು ಮೀನು ಅರಿಸಿನದಂಥ ಮೈಮೇಲೆ ಕಪ್ಪು ಪಟ್ಟೆಗಳನ್ನು ಹೊತ್ತಿರುತ್ತದೆ. ಗಂಡು ಮಾತ್ರ ಯಜಮಾನಿಕೆ ದೊರೆತ ಕೂಡಲೇ ಬಣ್ಣ ಬದಲಿಸಿ, ಕಪ್ಪು ಮೈಮೇಲೆ ತಿಳಿನೀಲಿ ಗೆರೆ ಬರಿಸಿಕೊಳ್ಳುತ್ತದೆ. ಹತ್ತೊಂಬತ್ತು ವರ್ಷಗಳಿಂದ ಅವುಗಳ ಸಂತತಿಯನ್ನೇ ಸಾಕುತ್ತ ಬಂದಿದ್ದೇನೆ. ಆದರೆ ಪ್ರತಿ ಪೀಳಿಗೆಯಲ್ಲೂ ಒಂದು ಗಂಡು ಉಳಿದ ಗಂಡುಗಳನ್ನು ಅಟ್ಟಾಡಿಸಿ ಕೊಂದೇ ತೀರುತ್ತಿತ್ತು. ‘ಇವುಗಳ ಸ್ವಭಾವವೇ ಅಂಥದ್ದು ಮೇಡಂ’ ಎಂದು ಅಂಗಡಿಯವರು ಹೇಳಿದ್ದರು. ನಾನೂ ಮಕ್ಕಳಿಗೆ ಅದನ್ನೇ ಪಾಠವಾಗಿ ಹೇಳಿದ್ದೆ. ನಿವೃತ್ತಿಯಾದ ಮೇಲೆ, ಅದು ನಿಜವೋ ಅಲ್ಲವೋ ಎಂಬುದನ್ನು ಆ ಮೀನಿನ ತವರಿಗೇ ಹೋಗಿ ನೋಡಿಬರಬೇಕೆಂಬ ಹಂಬಲ ಹುಟ್ಟಿ, ನನ್ನ ಪತಿಯೊಡನೆ ಎರಡು ವರ್ಷ ಹಣ ಕೂಡಿಸಿ ಈ ಪ್ರವಾಸ ಕೈಗೊಂಡೆ.

ಮಲಾವಿ ಸರೋವರವನ್ನು ಭೂಪಟದಲ್ಲಿ ನೋಡಿದರೆ ಪೂರ್ವ ಆಫ್ರಿಕದ ಬಿರುಕು ಕಣಿವೆಯಲ್ಲಿ ಉದ್ದಕ್ಕೆ ಸೀಳಿದ ಗೀರಿನಂತೆ ಕಾಣುತ್ತದೆ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 580 ಕಿಲೋಮೀಟರ್ ಚಾಚಿಕೊಂಡಿರುವ ಅದರ ಅಗಲ ಎಲ್ಲೂ 75 ಕಿಲೋಮೀಟರಿಗಿಂತ ಹೆಚ್ಚಿಲ್ಲ. ಆಳ ಮಾತ್ರ ಕೆಲವೆಡೆ 700 ಮೀಟರ್ ಮುಟ್ಟುತ್ತದೆ. ಮಲಾವಿ, ಮೊಜಾಂಬಿಕ್, ತಾಂಜಾನಿಯ ಮೂರೂ ದೇಶಗಳು ಅದರ ದಂಡೆಯಲ್ಲಿವೆ. ಒಳಬರುವ ನದಿಗಳು ಹಲವಾದರೂ ಹೊರಹೋಗುವುದು ದಕ್ಷಿಣ ತುದಿಯ ಶೀರೆ ನದಿಯೊಂದೇ. ಅದು ಮುಂದೆ ಜಾಂಬೆಜಿಯನ್ನು ಸೇರುತ್ತದೆ. ಈ ಒಂದೇ ನೀರಿನಲ್ಲಿ 800ಕ್ಕೂ ಹೆಚ್ಚು ಜಾತಿಯ ಸಿಕ್ಲಿಡ್ ಮೀನುಗಳಿವೆ ಎಂಬುದು ತಜ್ಞರ ಅಂದಾಜು, ಮತ್ತು ಅವುಗಳಲ್ಲಿ ಬಹುತೇಕ ಎಲ್ಲವೂ ಬೇರೆಲ್ಲಿಯೂ ಇಲ್ಲದವು. ದಕ್ಷಿಣದ ನಂಕುಂಬಾ ಪರ್ಯಾಯದ್ವೀಪವನ್ನೂ ಅದರ ಸುತ್ತಲಿನ ಹನ್ನೆರಡು ದ್ವೀಪಗಳನ್ನೂ ಸೇರಿಸಿ 1980ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. 1984ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹುಲಿಗೆ, ಆನೆಗೆ ಉದ್ಯಾನವಿರುವುದು ನಮಗೆ ಗೊತ್ತು; ಅಂಗೈಯುದ್ದದ ಮೀನುಗಳಿಗಾಗಿ ಒಂದು ಉದ್ಯಾನ ಎಂಬುದನ್ನು ಓದಿದ ದಿನವೇ ನನ್ನ ಮನಸ್ಸು ಅಲ್ಲಿಗೆ ಹೋಗಿಬಿಟ್ಟಿತ್ತು. ಆ ದ್ವೀಪಗಳಲ್ಲಿ ಮುಂಬೊ ಒಂದು. ಊರಿಲ್ಲ, ರಸ್ತೆಯಿಲ್ಲ, ಒಂದು ಕಿಲೋಮೀಟರಿನಷ್ಟು ಅಗಲದ ಕಾಡು ಮತ್ತು ಬಂಡೆ, ಅದರ ಒಂದು ಅಂಚಿನಲ್ಲಿ ಬೆರಳೆಣಿಕೆಯ ಡೇರೆಗಳ ಒಂದು ತಂಗುದಾಣ.

ಸಿದ್ಧತೆ ಆರಂಭವಾದದ್ದು ಈಜುಕೊಳದಲ್ಲಿ. ಅರವತ್ತು ದಾಟಿದ ಮೇಲೆ ಈಜು ಕಲಿಯುವುದು ಕಷ್ಟವೆಂದು ಹಲವರು ಹೇಳಿದರೂ, ನನಗೆ ಬೇಕಾದದ್ದು ಈಜಲ್ಲ, ಮುಖವನ್ನು ನೀರಿನೊಳಗಿಟ್ಟು ಗಾಬರಿಯಾಗದೆ ತೇಲುವ ವಿದ್ಯೆ. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಸ್ನಾರ್ಕೆಲ್ ನಳಿಗೆಯಿಂದ ಬಾಯಲ್ಲಿ ಉಸಿರಾಡುವುದನ್ನು ಐದು ತಿಂಗಳು, ವಾರಕ್ಕೆ ಮೂರು ದಿನದಂತೆ ಅಭ್ಯಾಸ ಮಾಡಿದೆ. ಲೈಫ್ ಜಾಕೆಟ್ ತೊಟ್ಟು ಅರ್ಧ ಗಂಟೆ ಅಂಗಾತವಾಗದೆ ಮಕಾಡೆ ತೇಲಬಲ್ಲೆ ಎಂಬ ಧೈರ್ಯ ಬಂದ ಮೇಲೆಯೇ ಟಿಕೆಟ್ ಕೊಂಡದ್ದು.

ಬೆಂಗಳೂರಿನಿಂದ ಅಡಿಸ್ ಅಬಾಬಾಕ್ಕೆ ಹೋಗಿ ಅಲ್ಲಿ ವಿಮಾನ ಬದಲಿಸಿ ಮಲಾವಿಯ ರಾಜಧಾನಿ ಲಿಲೊಂಗ್ವೆಗೆ ತಲುಪುವ ಮಾರ್ಗವನ್ನು ನಾವು ಆರಿಸಿಕೊಂಡಿದ್ದೆವು. ಇಥಿಯೋಪಿಯ ಹಳದಿ ಜ್ವರವಿರುವ ದೇಶಗಳ ಪಟ್ಟಿಯಲ್ಲಿರುವುದರಿಂದ, ಅಂಥ ದೇಶದ ಮೂಲಕ ಭಾರತಕ್ಕೆ ಮರಳುವವರ ಬಳಿ ಲಸಿಕೆಯ ಪ್ರಮಾಣಪತ್ರ ಇರದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಈ ಲಸಿಕೆಯನ್ನು ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಮತ್ತು ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಪ್ರಮಾಣಪತ್ರ ಊರ್ಜಿತವಾಗುತ್ತದೆ. ಅರವತ್ತು ದಾಟಿದವರಲ್ಲಿ ಈ ಲಸಿಕೆಯಿಂದ ಅಪರೂಪಕ್ಕೆ ತೀವ್ರ ತೊಂದರೆಯಾಗಬಹುದೆಂಬ ಕಾರಣಕ್ಕೆ ಬೆಂಗಳೂರಿನ ಕೇಂದ್ರದ ವೈದ್ಯರು ನಮ್ಮಿಬ್ಬರನ್ನೂ ಕೂರಿಸಿಕೊಂಡು, ಹಿಂದಿನ ಕಾಯಿಲೆಗಳು, ಈಗಿನ ಮಾತ್ರೆಗಳು, ಮೊಟ್ಟೆಯ ಅಲರ್ಜಿ ಎಲ್ಲವನ್ನೂ ನಿಧಾನವಾಗಿ ವಿಚಾರಿಸಿ ಆಮೇಲೆಯೇ ಒಪ್ಪಿದರು. ಈ ವಯಸ್ಸಿನಲ್ಲಿ ಹೊರಡುವವರು ಈ ಮಾತುಕತೆಗೆ ಸಮಯವಿಟ್ಟುಕೊಳ್ಳಬೇಕು. ಮಲೇರಿಯಕ್ಕೆ ಡಾಕ್ಸಿಸೈಕ್ಲಿನ್ ಬರೆದುಕೊಟ್ಟರು. ಹೊರಡುವ ಮುನ್ನ ಆರಂಭಿಸಿ, ಮರಳಿದ ಮೇಲೂ ನಾಲ್ಕು ವಾರ ದಿನಕ್ಕೊಂದರಂತೆ ನುಂಗಬೇಕು. ಆ ಮಾತ್ರೆ ತಿನ್ನುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆಂದು ಎಚ್ಚರಿಸಿದ್ದರಿಂದ ನೀರಿಗಿಳಿಯಲು ತುಂಬುತೋಳಿನ ಉಡುಪನ್ನು ಕೊಂಡೆ. ಮುಂದೆ ಅದು ಬಹಳ ಉಪಯೋಗಕ್ಕೆ ಬಂತು.

ಸೆಪ್ಟೆಂಬರ್ ತಿಂಗಳನ್ನು ಆರಿಸಿದ್ದಕ್ಕೂ ಕಾರಣವಿತ್ತು. ಮೇ ತಿಂಗಳಿಂದ ಆಗಸ್ಟ್‌ವರೆಗೆ ಸರೋವರದ ಮೇಲೆ ‘ಮ್ವೇರಾ’ ಎಂಬ ಆಗ್ನೇಯದ ಗಾಳಿ ಬೀಸುತ್ತದೆ. ಆಗ ಅಲೆಗಳು ಸಮುದ್ರದಂತೆ ಏಳುತ್ತವೆ, ನೀರೂ ಕದಡುತ್ತದೆ. ನವೆಂಬರ್ ಬಂದರೆ ಮಳೆ. ನಡುವಿನ ಎರಡು ತಿಂಗಳು ನೀರಿನೊಳಗೆ ನೋಡುವವರಿಗೆ ಒಳ್ಳೆಯ ಕಾಲ.

ಲಿಲೊಂಗ್ವೆಯಲ್ಲಿ ಒಂದು ಮಧ್ಯಾಹ್ನ ಮಾತ್ರ ಇದ್ದೆವು. ಅಲ್ಲಿ ಮಾಡಲೇಬೇಕಾದ ಕೆಲಸ ಒಂದಿತ್ತು, ಅದನ್ನು ಮುಂದೆ ಹೇಳುತ್ತೇನೆ. ಮರುದಿನ ಬೆಳಗ್ಗೆ ಬಾಡಿಗೆ ಕಾರಿನಲ್ಲಿ ಹೊರಟಾಗ ಇಂಧನದ ಅಭಾವದಿಂದ ಬಂಕಿನ ಮುಂದೆ ಸುಮಾರು ಎರಡು ಗಂಟೆ ಸಾಲಿನಲ್ಲಿ ಕಾಯಬೇಕಾಯಿತು. ದೇಜಾ ಎಂಬ ಎತ್ತರದ ಊರಿನ ಬಳಿ ಆಲೂಗಡ್ಡೆ, ಟೊಮೇಟೊಗಳನ್ನು ಗೋಪುರದಂತೆ ಜೋಡಿಸಿಟ್ಟು ಹೆಂಗಸರು ಮಾರುತ್ತಿದ್ದರು. ಅಲ್ಲಿಂದ ರಸ್ತೆ ತಿರುವು ತಿರುವಾಗಿ ಬಿರುಕು ಕಣಿವೆಯ ತಳಕ್ಕೆ ಇಳಿಯುತ್ತದೆ. ಇಳಿದಂತೆಲ್ಲ ಸೆಕೆ ಏರುತ್ತದೆ. ತಳದಲ್ಲಿ ಎಲೆ ಉದುರಿಸಿ ನಿಂತ ಬೃಹತ್ ಕಾಂಡದ ಮರಗಳು ಕಾಣಿಸಿಕೊಂಡಾಗ, ಅಲ್ಲಿಯವರೆಗೆ ಸುಮ್ಮನಿದ್ದ ನನ್ನ ಪತಿ ಕಾರು ನಿಲ್ಲಿಸಲು ಹೇಳಿದರು. ಅವರು ಹಾವೇರಿ ಜಿಲ್ಲೆಯವರು. ಸವಣೂರಿನ ದೊಡ್ಡಹುಣಸೆ ಕಲ್ಮಠದ ಆ ಮೂರು ಮರಗಳ ನೆರಳಲ್ಲಿ ಆಡಿ ಬೆಳೆದವರು. ಅದೇ ಮರ! ಬಾವೊಬಾಬ್ ಎಂದು ಜಗತ್ತು ಕರೆಯುವ ಈ ಮರ ಆಫ್ರಿಕದ್ದೆಂದು ಅವರು ಓದಿ ತಿಳಿದಿದ್ದರು, ಆದರೆ ಅಲ್ಲಿ ಮೂರು ಮರಗಳಿಗೆ ಕೈಮುಗಿಯುವವರು ಇಲ್ಲಿ ಹೊಲದ ಬದುಗಳಲ್ಲಿ ಹತ್ತಾರು ಮರಗಳನ್ನು ಒಟ್ಟಿಗೇ ಕಂಡು, ಒಂದರ ತೊಗಟೆಯನ್ನು ಮುಟ್ಟಿ ಬಹಳ ಹೊತ್ತು ನಿಂತಿದ್ದರು.

ಮುಂಬೊಗೆ ದೋಣಿ ಹತ್ತಬೇಕಾದ ದಂಡೆಯ ಊರು ಕೇಪ್ ಮ್ಯಾಕ್ಲಿಯರ್ ತಲುಪಿದಾಗ ಸಂಜೆ ನಾಲ್ಕು ದಾಟಿತ್ತು. ಆಫ್ರಿಕವನ್ನು ಸುತ್ತಿದ ಅನ್ವೇಷಕ ಲಿವಿಂಗ್‌ಸ್ಟನ್ ತನ್ನ ಖಗೋಳಶಾಸ್ತ್ರಜ್ಞ ಗೆಳೆಯನ ಹೆಸರನ್ನು ಈ ಭೂಶಿರಕ್ಕೆ ಇಟ್ಟನು. ಊರಿನವರು ತಮ್ಮ ಊರನ್ನು ಚೆಂಬೆ ಎಂದೇ ಕರೆಯುತ್ತಾರೆ. 1875ರಲ್ಲಿ ಸ್ಕಾಟ್ಲೆಂಡಿನ ಮಿಷನರಿಗಳು ಇಲ್ಲಿ ನೆಲೆ ಸ್ಥಾಪಿಸಿ, ಜ್ವರಕ್ಕೆ ಹಲವರನ್ನು ಕಳೆದುಕೊಂಡು, 1881ರಲ್ಲಿ ಉತ್ತರಕ್ಕೆ ಹೋದರು. ಅವರ ಸಮಾಧಿಗಳು ಈಗಲೂ ಇವೆ. ಮಾತ್ರೆಯ ಡಬ್ಬಿಯನ್ನು ಕೈಚೀಲದಲ್ಲಿಟ್ಟುಕೊಂಡು ಆ ಸಮಾಧಿಗಳ ಮುಂದೆ ನಿಂತಾಗ, ನಾವು ಎಷ್ಟು ಸುಲಭವಾಗಿ ಇಲ್ಲಿಗೆ ಬಂದಿದ್ದೇವೆಂದು ಮನಸ್ಸು ತುಂಬಿಬಂತು.

ಅಂದು ಸಂಜೆಯೇ ದ್ವೀಪಕ್ಕೆ ಹೋಗುವುದಾಗಲಿಲ್ಲ. ಋತು ಮುಗಿದರೂ ಮ್ವೇರಾ ಆ ದಿನ ಬೀಸುತ್ತಿತ್ತು, ಹತ್ತು ಕಿಲೋಮೀಟರ್ ತೆರೆದ ನೀರನ್ನು ಸಣ್ಣ ದೋಣಿಯಲ್ಲಿ ದಾಟುವುದು ಬೇಡವೆಂದು ದೋಣಿಯವರು ಹೇಳಿದರು. ಹಾಗಾಗಿ ಊರಿನ ದಂಡೆಯಲ್ಲಿಯೇ ಒಂದು ರಾತ್ರಿ ಕಳೆದೆವು. ಅದು ನಷ್ಟವಾಗಲಿಲ್ಲ. ದಂಡೆಯ ಉದ್ದಕ್ಕೂ ಬಿದಿರು, ಜೊಂಡಿನ ಅಟ್ಟಣಿಗೆಗಳ ಮೇಲೆ ಬೆಳ್ಳಿಯಂಥ ಸಣ್ಣ ಉಸಿಪಾ ಮೀನುಗಳನ್ನು ಒಣಗಹಾಕಿದ್ದರು. ಹೆಂಗಸರು ಪಾತ್ರೆ ತೊಳೆಯುತ್ತಿದ್ದರು, ಮಕ್ಕಳು ಮೀಯುತ್ತಿದ್ದರು, ಒಂದೇ ಮರದ ಕಾಂಡವನ್ನು ಕೊರೆದು ಮಾಡಿದ ಕಿರಿದಾದ ದೋಣಿಗಳ ಅಂಚಿನ ಮೇಲೆ ಕಾಲು ಹೊರಗಿಟ್ಟು ಕುಳಿತು ಹುಡುಗರು ಹುಟ್ಟುಹಾಕುತ್ತಿದ್ದರು.

ಆ ನೀರಿಗೆ ನಾನು ಕಾಲಿಡಲಿಲ್ಲ. ಅದರ ಕಾರಣ ವಿವರವಾಗಿ ಹೇಳಲು ತಕ್ಕದ್ದು. ಸರೋವರದ ದಂಡೆಯ ಬಸವನಹುಳುಗಳಲ್ಲಿ ಬಿಲ್ಹಾರ್ಜಿಯ ಎಂಬ ರೋಗದ ಪರಾವಲಂಬಿ ಬೆಳೆಯುತ್ತದೆ. ಹುಳುವಿನಿಂದ ಹೊರಬಿದ್ದ ಅದರ ಮರಿ ನೀರಿನಲ್ಲಿ ಈಜಿ ಮನುಷ್ಯನ ಚರ್ಮವನ್ನು ನೇರವಾಗಿ ತೂರಿ ಒಳಹೊಕ್ಕು, ಕೊನೆಗೆ ಮೂತ್ರಕೋಶದ ಸುತ್ತಲಿನ ರಕ್ತನಾಳಗಳಲ್ಲಿ ನೆಲೆಸುತ್ತದೆ. 1980ರ ದಶಕದ ಮೊದಲು ಇಲ್ಲಿನ ತೆರೆದ ದಂಡೆಗಳಲ್ಲಿ ಈ ಭಯ ಇಷ್ಟಿರಲಿಲ್ಲ, ಏಕೆಂದರೆ ಮರಳಿನ ತಳದಲ್ಲಿ ಬಸವನಹುಳುಗಳನ್ನು ಜಗಿದು ತಿನ್ನುವ ಸಿಕ್ಲಿಡ್ ಮೀನುಗಳು ಸಾಕಷ್ಟಿದ್ದವು. ದಂಡೆಯಲ್ಲಿ ಬಲೆಗಳು ಹೆಚ್ಚಿ ಆ ಮೀನುಗಳು ಕಡಿಮೆಯಾದ ಹಾಗೆ ಹುಳುಗಳು ಹೆಚ್ಚಿದವು, ಹುಳುಗಳ ಜೊತೆಗೆ ರೋಗವೂ ಹೆಚ್ಚಿತು ಎಂದು ಇಲ್ಲಿ ಅಧ್ಯಯನ ಮಾಡಿದ ವಿಜ್ಞಾನಿಗಳು ತೋರಿಸಿದ್ದಾರೆ. ಆಹಾರ ಸರಪಳಿಯ ಪಾಠವನ್ನು ನಾನು ಮೂವತ್ತು ವರ್ಷ ಹುಲ್ಲು, ಮಿಡತೆ, ಕಪ್ಪೆಗಳ ಚಿತ್ರ ಬರೆದು ಕಲಿಸಿದೆ. ಅದರ ಕೊನೆಯ ಕೊಂಡಿ ನೀರಲ್ಲಿ ಆಡುತ್ತಿರುವ ಮಗುವಾಗಿರುವುದನ್ನು ಕಂಡದ್ದು ಆ ಸಂಜೆ. ಆ ಮಕ್ಕಳಿಗೆ ಬೇರೆ ನೀರಿಲ್ಲ. ನಮ್ಮ ಹಾಗೆ ಕಾಲು ಹಿಂತೆಗೆದುಕೊಳ್ಳುವ ಅವಕಾಶ ಅವರಿಗಿಲ್ಲ ಎಂಬುದು ಇಂದಿಗೂ ನನ್ನನ್ನು ನೋಯಿಸುತ್ತದೆ.

ಜನವಸತಿಯಿಲ್ಲದ, ಬಂಡೆಗಳೇ ತುಂಬಿದ ದ್ವೀಪದ ಸುತ್ತ ಈ ಅಪಾಯ ಬಹಳ ಕಡಿಮೆ. ಆದರೂ ಮುಂಜಾಗ್ರತೆಯಾಗಿ ಪ್ರಾಜಿಕ್ವಾಂಟೆಲ್ ಮಾತ್ರೆ ಸೇವಿಸಬೇಕು, ಅದೂ ತಕ್ಷಣವಲ್ಲ. ಅದು ಮೈಯೊಳಗೆ ಬೆಳೆದ ಪರಾವಲಂಬಿಗಳನ್ನು ಕೊಲ್ಲುತ್ತದೆಯೇ ಹೊರತು ಎಳೆಯವನ್ನಲ್ಲ, ಆದ್ದರಿಂದ ನೀರನ್ನು ಬಿಟ್ಟು ಆರರಿಂದ ಎಂಟು ವಾರ ಕಳೆದ ಮೇಲೆ ತೆಗೆದುಕೊಳ್ಳಬೇಕು. ನಮ್ಮ ಊರುಗಳಲ್ಲಿ ಈ ರೋಗವಿಲ್ಲದ ಕಾರಣ ಮಾತ್ರೆ ಸುಲಭವಾಗಿ ಸಿಗಲಿಕ್ಕಿಲ್ಲವೆಂದು ವೈದ್ಯರು ಹೇಳಿದ್ದರು. ಲಿಲೊಂಗ್ವೆಯ ಔಷಧದಂಗಡಿಯಲ್ಲಿ ನಾನು ಮಾಡಿದ ಕೆಲಸ ಅದೇ, ಇಬ್ಬರಿಗೂ ಸಾಕಾಗುವಷ್ಟು ಮಾತ್ರೆ ಕೊಂಡದ್ದು.

ಮರುದಿನ ಬೆಳಗ್ಗೆ ಗಾಳಿ ಬಿದ್ದಿತ್ತು. ಒಂದು ಗಂಟೆಯ ದೋಣಿ ಪ್ರಯಾಣದಲ್ಲಿ ನೀರಿನ ಬಣ್ಣ ಹಸುರಿನಿಂದ ಕಡುನೀಲಿಗೆ ತಿರುಗಿತು. ಮುಂಬೊ ದೂರದಿಂದ ನೋಡಿದರೆ ನೀರಿನಿಂದ ಮೇಲೆದ್ದ ಕಲ್ಲಿನ ರಾಶಿ, ಹತ್ತಿರ ಹೋದಂತೆ ಕಲ್ಲುಗಳ ಸಂದಿಯಿಂದ ಬೇರು ಇಳಿಬಿಟ್ಟ ಅತ್ತಿ ಜಾತಿಯ ಮರಗಳು, ಅವುಗಳ ನಡುವೆ ಹುಲ್ಲಿನ ಚಾವಣಿ. ನಮ್ಮ ಡೇರೆಯನ್ನು ನೀರಿಗೆ ಚಾಚಿದ ಬಂಡೆಯೊಂದರ ಮೇಲೆ ಮರದ ಅಟ್ಟ ಹಾಕಿ ಕಟ್ಟಿದ್ದರು. ಸ್ನಾನಕ್ಕೆ ಮೇಲಿನಿಂದ ನೇತುಹಾಕಿದ ಬಕೆಟ್ಟು; ಕಾಯಿಸಿದ ನೀರನ್ನು ಅದಕ್ಕೆ ತುಂಬಿಕೊಡುತ್ತಾರೆ. ಶೌಚಕ್ಕೆ ನೀರಿಲ್ಲದ ಗೊಬ್ಬರದ ಗುಂಡಿ. ಬಳಸಿದ ಮೇಲೆ ಒಣ ಎಲೆ, ಬೂದಿ ಹಾಕಬೇಕು. ಬಟ್ಟೆಗೆ, ಮೈಗೆ ಸೋಪು ಹಚ್ಚಿ ಸರೋವರದಲ್ಲಿ ತೊಳೆಯಬಾರದು. ವಿದ್ಯುತ್ತಿನ ತಂತಿ ಇಲ್ಲ. ಬಿಸಿಲಿನಿಂದ ತುಂಬಿಕೊಳ್ಳುವ ಒಂದು ಸಣ್ಣ ದೀಪ ಇತ್ತು. ನನ್ನ ಫೋನಿಗೆ ಸಂಕೇತ ಸಿಗಲಿಲ್ಲ. ಎಂಬತ್ತೆಂಟು ವರ್ಷದ ಅತ್ತೆಯವರನ್ನು ನಾದಿನಿಯ ಮನೆಯಲ್ಲಿ ಬಿಟ್ಟು ಬಂದಿದ್ದರಿಂದ ಮೊದಲ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಏನಾದರೂ ಸುದ್ದಿ ಬಂದರೆ ದಂಡೆಯಿಂದ ತಿಳಿಸುವ ವ್ಯವಸ್ಥೆ ಇದೆಯೆಂದು ಅಲ್ಲಿನವರು ಭರವಸೆ ಕೊಟ್ಟಿದ್ದರು. ಏಕಾಂತವೆಂಬುದು ಕೇಳಲು ಹಿತವಾದರೂ, ಮನೆಯಲ್ಲಿ ಹಿರಿಯರಿರುವವರು ಅದಕ್ಕಾಗಿ ಮನಸ್ಸನ್ನು ಮೊದಲೇ ಗಟ್ಟಿಮಾಡಿಕೊಳ್ಳಬೇಕಾಗುತ್ತದೆ.

ನೀರಿಗಿಳಿದ ಮೊದಲ ಬೆಳಗು ಸೋತೆ. ದಂಡೆಯ ಬಳಿ ಎರಡು ಆಳು ಆಳದಲ್ಲಿ ಬಂಡೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ನಾಲ್ಕು ಮಾರು ಮುಂದೆ ಹೋದೊಡನೆ ಬಂಡೆಗಳ ಇಳಿಜಾರು ಕೆಳಕೆಳಗೆ ಹೋಗಿ ನೀಲಿಯಲ್ಲಿ ಕರಗಿಹೋಯಿತು. ಈಜುಕೊಳದಲ್ಲಿ ತಳ ಯಾವಾಗಲೂ ಕಣ್ಣಿಗೆ ಬೀಳುತ್ತದೆ. ಇಲ್ಲಿ ತಳವೇ ಇಲ್ಲವೆಂದು ಕಂಡ ಕ್ಷಣ ಎತ್ತರದ ಮಹಡಿಯ ಅಂಚಿನಿಂದ ಬೀಳುತ್ತಿರುವಂತೆ ಅನಿಸಿ, ಉಸಿರು ಕಟ್ಟಿ, ಮಾಸ್ಕಿನೊಳಗೆ ನೀರು ಹೊಕ್ಕಿತು. ನನ್ನ ಜೊತೆಗಿದ್ದ ಚೆಂಬೆಯ ಯುವಕ ಒಂದು ಕೈಯಲ್ಲಿ ನನ್ನ ಜಾಕೆಟ್ಟನ್ನು ಹಿಡಿದು ‘ಪಂಗೋನೊ ಪಂಗೋನೊ, ಅಮಾಯಿ’ ಎಂದ. ಸ್ವಲ್ಪ ಸ್ವಲ್ಪವೇ, ಅಮ್ಮ, ಎಂದರ್ಥ. ಚಿಚೇವಾ ಭಾಷೆಯಲ್ಲಿ ‘ಅಮಾಯಿ’ ಎಂದರೆ ತಾಯಿ. ಹಿರಿಯ ಹೆಂಗಸನ್ನು ಹಾಗೆಯೇ ಕರೆಯುತ್ತಾರೆ. ನಮ್ಮ ಊರಿನಲ್ಲಿ ತರಕಾರಿ ಮಾರುವ ಹುಡುಗ ಕರೆಯುವ ಹಾಗೆಯೇ ಕರೆದ ಆ ಮಾತಿನಿಂದಲೋ ಏನೋ, ಉಸಿರು ಹದಕ್ಕೆ ಬಂತು. ಆ ದಿನವಿಡೀ ನಾವು ಕೈಗೆ ಬಂಡೆ ಸಿಗುವಷ್ಟು ಹತ್ತಿರದಲ್ಲಿಯೇ ಇದ್ದೆವು.

ಎರಡನೆಯ ದಿನ ಮಾತ್ರ ಮೀನುಗಳನ್ನು ನಿಜವಾಗಿ ನೋಡಿದೆ. ಬಂಡೆಯ ಮೇಲೆ ಬೆಳೆಯುವ ಪಾಚಿಯ ತೆಳುಪದರವೇ ಈ ಮೀನುಗಳ ಹೊಲ. ಬಂಡೆವಾಸಿ ಮೀನುಗಳನ್ನೆಲ್ಲ ಸ್ಥಳೀಯರು ‘ಮ್ಬುನಾ’ ಎನ್ನುತ್ತಾರೆ. ಒಂದು ಜಾತಿ ಪಾಚಿಯನ್ನು ಬಾಚಣಿಗೆಯಂತೆ ಬಾಚಿ ತಿನ್ನುತ್ತದೆ, ಮತ್ತೊಂದು ಮೂಗಿನ ಕೆಳಗಿರುವ ಬಾಯನ್ನು ಬಂಡೆಗೆ ಸಮಾನಾಂತರವಾಗಿಟ್ಟು ಕತ್ತರಿಸಿ ತಿನ್ನುತ್ತದೆ, ಇನ್ನೊಂದು ಸಂದಿಗಳಲ್ಲಿ ಪುಟ್ಟ ಹುಳುಗಳನ್ನು ಕುಕ್ಕುತ್ತದೆ. ಕಡು ನೀಲಿಯ ಮೇಲೆ ಕಪ್ಪು ಅಡ್ಡಪಟ್ಟೆಯ ಜೀಬ್ರಾ ಮೀನುಗಳು ನನ್ನ ಬೆರಳುಗಳ ನಡುವೆ ಹಾದುಹೋದವು. ಬಳಿಕ, ಒಂದು ದೊಡ್ಡ ಬಂಡೆಯ ನೆರಳಿನ ಬದಿಯಲ್ಲಿ, ಅರಿಸಿನ ಬಣ್ಣದ ಮೈ, ಕಪ್ಪು ಪಟ್ಟೆ. ನನ್ನ ಆರೇಟಸ್. ನೀರಿನೊಳಗೆ ಅಳುವುದು ಒಳ್ಳೆಯದಲ್ಲ, ಮಾಸ್ಕ್ ಮಂಜಾಗುತ್ತದೆ. ಆದರೂ ಕಣ್ಣು ತುಂಬಿದವು. ತೊಟ್ಟಿಯಲ್ಲಿ ಕಂಡದ್ದಕ್ಕಿಂತ ಅದರ ಹಳದಿ ಗಾಢವಾಗಿತ್ತು, ಮೈ ತೆಳ್ಳಗಿತ್ತು, ಚಲನೆ ಚುರುಕಾಗಿತ್ತು.

ಮುಂದಿನ ಎರಡು ದಿನ ಬೆಳಗ್ಗೆ, ಸಂಜೆ ಅದೇ ಬಂಡೆಯ ಮೇಲೆ ತೇಲುತ್ತ ಒಂದು ಗಂಡನ್ನು ಗಮನಿಸಿದೆ. ಕಪ್ಪು ಮೈ, ನೀಲಿ ಗೆರೆ, ನಾನು ಚೆನ್ನಾಗಿ ಬಲ್ಲ ಅದೇ ದರ್ಪ. ಬೇರೆ ಗಂಡೊಂದು ಹತ್ತಿರ ಬಂದೊಡನೆ ರೆಕ್ಕೆ ಅಗಲಿಸಿ ಬಾಣದಂತೆ ನುಗ್ಗುತ್ತಿತ್ತು. ಬಂದದ್ದು ತಿರುಗಿ ಓಡುತ್ತಿತ್ತು. ಎರಡು ಮಾರು ಅಟ್ಟಿದ ಮೇಲೆ ಯಜಮಾನ ಮೀನು ನಿಂತುಬಿಡುತ್ತಿತ್ತು, ಕಾಣದ ಬೇಲಿಯೊಂದು ಅಲ್ಲಿದೆಯೆಂಬಂತೆ. ನಿಂತು, ಹಿಂದಿರುಗಿ, ತನ್ನ ಬಂಡೆಯನ್ನು ಮೇಯತೊಡಗುತ್ತಿತ್ತು. ಹಾಗೆ ಇಪ್ಪತ್ತಾರು ಬಾರಿ ಅಟ್ಟುವುದನ್ನು ಎಣಿಸಿದೆ. ಒಂದು ಬಾರಿಯೂ ಕಚ್ಚಿದ್ದನ್ನು ಕಾಣಲಿಲ್ಲ. ನನ್ನ ತೊಟ್ಟಿಯಲ್ಲಿ ಸೋತ ಮೀನು ಓಡಿದರೆ ನಾಲ್ಕನೆಯ ಅಡಿಯಲ್ಲಿ ಗಾಜು. ಸೋತವನು ಕಣ್ಣೆದುರಿಗೇ ಉಳಿದರೆ ಗೆದ್ದವನಿಗೆ ಜಗಳ ಮುಗಿದಂತಾಗುವುದಿಲ್ಲ. ಸ್ವಭಾವವೆಂದು ನಾನು ಮೂವತ್ತು ಮಕ್ಕಳ ತರಗತಿಗಳಲ್ಲಿ ವರ್ಷವರ್ಷವೂ ಹೇಳಿದ್ದು ಸ್ವಭಾವವಾಗಿರಲಿಲ್ಲ, ಅದು ಜಾಗದ ಕೊರತೆಯಾಗಿತ್ತು. ಆ ಮಾತನ್ನು ಹಿಂತೆಗೆದುಕೊಳ್ಳಲು ಈಗ ಆ ಮಕ್ಕಳೆಲ್ಲಿ ಸಿಗುತ್ತಾರೆ?

ಬಂಡೆಗಳ ರಾಶಿ ಮುಗಿದಲ್ಲಿ ಬಿಳಿಯ ಮರಳಿನ ಬಯಲು ತೊಡಗುತ್ತದೆ, ಅದರಾಚೆ ಇನ್ನೊಂದು ಬಂಡೆಗಳ ರಾಶಿ. ನಡುವಿನ ದೂರ ನಮ್ಮ ಬೀದಿಯ ಅಗಲಕ್ಕಿಂತ ತುಸು ಹೆಚ್ಚಿರಬಹುದು. ಆದರೆ ಬಂಡೆಯ ಮೀನುಗಳು ಆ ಮರಳಿನ ಅಂಚಿಗೆ ಬಂದು ತಿರುಗಿ ಹೋಗುತ್ತಿದ್ದವೇ ವಿನಾ ದಾಟುತ್ತಿರಲಿಲ್ಲ. ಅವಿತುಕೊಳ್ಳಲು ಸಂದಿಯಿಲ್ಲದ ಬಯಲು ಅವಕ್ಕೆ ಸಾವಿನ ಜಾಗ. ಅದರ ಕಾರಣವನ್ನೂ ಅಲ್ಲಿಯೇ ಕಂಡೆ: ಕಂದು ಮಚ್ಚೆಗಳ ದೊಡ್ಡ ಮೀನೊಂದು ಮರಳಿನ ಮೇಲೆ ಪಕ್ಕಕ್ಕೆ ಒರಗಿ, ಸತ್ತು ಕೊಳೆಯುತ್ತಿರುವಂತೆ ಬಿದ್ದಿತ್ತು. ಸ್ಥಳೀಯರು ಅದನ್ನು ‘ಕಲಿಗೊನೊ’, ಅಂದರೆ ಮಲಗುವವ, ಎನ್ನುತ್ತಾರೆ. ಹೆಣವೆಂದು ನಂಬಿ ಕುಕ್ಕಲು ಬರುವ ಸಣ್ಣ ಮೀನುಗಳನ್ನು ಅದು ಒಮ್ಮೆಲೇ ಎದ್ದು ನುಂಗುತ್ತದೆ. ಹೀಗೆ ಒಂದೊಂದು ಬಂಡೆಗುಂಪಿನ ಮೀನುಗಳು ತಲೆತಲಾಂತರ ಅಲ್ಲಿಯೇ ಹುಟ್ಟಿ ಅಲ್ಲಿಯೇ ಸಂತತಿ ಬೆಳೆಸಿದ್ದರಿಂದ ಒಂದು ದ್ವೀಪದಿಂದ ಇನ್ನೊಂದಕ್ಕೆ ಅವುಗಳ ಬಣ್ಣ ಬೇರೆ, ಎಷ್ಟೋ ಕಡೆ ಜಾತಿಯೇ ಬೇರೆ. ಮೇಲೆ ನೀರು ಸುತ್ತುವರಿದ ದ್ವೀಪದಲ್ಲಿ ನಾವು ನಾಲ್ಕು ರಾತ್ರಿಯ ಏಕಾಂತಕ್ಕೆ ಬಂದಿದ್ದೆವು. ಕೆಳಗೆ ಮರಳು ಸುತ್ತುವರಿದ ದ್ವೀಪಗಳಲ್ಲಿ ಇವು ತಲೆತಲಾಂತರದ ಏಕಾಂತದಲ್ಲಿದ್ದವು, ಅದರಿಂದಲೇ ಇಷ್ಟು ಬಗೆಯಾಗಿದ್ದವು.

ರಾಷ್ಟ್ರೀಯ ಉದ್ಯಾನದ ಗಡಿ ದಂಡೆಯಿಂದ ನೀರೊಳಗೆ ನೂರು ಮೀಟರ್ ಮಾತ್ರ. ಅಷ್ಟರೊಳಗೆ ಬಲೆ ಬೀಸುವಂತಿಲ್ಲ. ಈ ನಿಯಮ ಮೀನಿಗೆ ಒಳ್ಳೆಯದು. ಊರಿನವರಿಗೆ ಅದರ ಭಾರವಿದೆ. ತನ್ನ ತಂದೆ ಈ ಬಂಡೆಗಳ ಬಳಿಯೇ ಮೀನು ಹಿಡಿದವರೆಂದು ಯುವಕ ಹೇಳಿದ. ಈಗ ಪ್ರವಾಸಿಗಳಿಗೆ ಅದೇ ಬಂಡೆಗಳನ್ನು ತೋರಿಸಿ ತಂಗಿಯನ್ನು ಓದಿಸುತ್ತಿದ್ದಾನೆ. ಎಲ್ಲ ಮನೆಗೂ ಇಂಥ ಕೆಲಸ ಸಿಗುವುದಿಲ್ಲವೆಂದೂ ಅವನೇ ಹೇಳಿದ.

ನಾವು ಸಸ್ಯಾಹಾರಿಗಳೆಂದು ಮೊದಲೇ ತಿಳಿಸಿದ್ದರಿಂದ ಊಟಕ್ಕೆ ತೊಂದರೆಯಾಗಲಿಲ್ಲ. ಅವರ ಮುಖ್ಯ ಊಟ ನ್ಸಿಮಾ, ಬಿಳಿ ಜೋಳದ ಅಲ್ಲ, ಬಿಳಿ ಮೆಕ್ಕೆಜೋಳದ ಹಿಟ್ಟಿನಿಂದ ತೊಳಸಿದ ಮುದ್ದೆ. ಕುದಿನೀರಿಗೆ ಹಿಟ್ಟು ಬಿಟ್ಟು ಮರದ ಹುಟ್ಟಿನಿಂದ ತಿರುವುವುದನ್ನು ಅಡುಗೆಯವರ ಬಳಿ ನಿಂತು ನೋಡಿದಾಗ ನನ್ನ ಅಜ್ಜಿ ಮುದ್ದೆಕೋಲು ಹಿಡಿದು ಕೂತ ಭಂಗಿಯೇ ಕಣ್ಣ ಮುಂದೆ ಬಂತು. ವ್ಯತ್ಯಾಸವೆಂದರೆ ನಾವು ರಾಗಿಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುತ್ತೇವೆ, ಅವರು ತುತ್ತನ್ನು ಬೆರಳಲ್ಲಿ ಒತ್ತಿ ಗುಳಿ ಮಾಡಿ ಪಲ್ಯ ತುಂಬಿ ಅಗಿಯುತ್ತಾರೆ. ಕುಂಬಳದ ಎಳೆಯ ಸೊಪ್ಪನ್ನು ಕಡಲೆಕಾಯಿ ಪುಡಿ ಹಾಕಿ ಬೇಯಿಸಿದ ಪಲ್ಯವನ್ನು ನಾಲ್ಕು ದಿನವೂ ಕೇಳಿ ಹಾಕಿಸಿಕೊಂಡೆ.

ಸಂಜೆ ಐದೂಮುಕ್ಕಾಲಿಗೆಲ್ಲ ಸೂರ್ಯ ಮುಳುಗುತ್ತಿದ್ದ. ನನ್ನ ಪತಿ ನೀರಿಗಿಳಿಯಲಿಲ್ಲ. ಹಗಲೆಲ್ಲ ಬಂಡೆಯ ಮೇಲೆ ಕುಳಿತು ಬಿಳಿತಲೆಯ ಮೀನುಗಿಡುಗಗಳನ್ನು, ರೆಕ್ಕೆ ಒಣಗಿಸುವ ನೀರುಕಾಗೆಗಳನ್ನು, ಬಿಸಿಲು ಕಾಯಿಸುವ ಉಡಗಳನ್ನು ನೋಡಿ ದಿನಚರಿ ಬರೆಯುತ್ತಿದ್ದರು. ಒಂದು ಮಧ್ಯಾಹ್ನ ದೂರದ ನೀರಿನ ಮೇಲೆ ಕಂದು ಹೊಗೆಯ ಕಂಬವೊಂದು ಏಳುವುದನ್ನು ಕಂಡು ದೋಣಿಗೆ ಬೆಂಕಿ ಬಿತ್ತೆಂದು ಕೂಗಿದರು. ಅದು ಹೊಗೆಯಲ್ಲ, ಸರೋವರದ ತಳದಿಂದ ಮೇಲೆದ್ದ ಕೋಟ್ಯಂತರ ನುಸಿಗಳ ಹಿಂಡು; ಅವು ದಂಡೆಗೆ ಬಂದರೆ ಊರಿನವರು ಹಿಡಿದು ಅಪ್ಪಳಿಸಿ ಬಿಲ್ಲೆಮಾಡಿ ತಿನ್ನುತ್ತಾರೆ. ಕತ್ತಲಾದ ಮೇಲೆ ಉಸಿಪಾ ಹಿಡಿಯುವ ದೋಣಿಗಳು ದೀಪ ಹೊತ್ತಿಸಿಕೊಂಡು ದೂರದ ನೀರಿಗೆ ಹೋಗುತ್ತಿದ್ದವು. ಮೇಲೆ ವೃಶ್ಚಿಕ ರಾಶಿ ಬಾಲದ ಸಮೇತ ನೆತ್ತಿಯ ಹತ್ತಿರ ಹೊಳೆಯುತ್ತಿತ್ತು, ಕೆಳಗೆ ದಿಗಂತದ ಗೆರೆಯೇ ಕಾಣದ ಕತ್ತಲಲ್ಲಿ ದೋಣಿಗಳ ದೀಪಗಳು. ಊರಿನಲ್ಲಿ ಈಗ ಗಂಟೆ ಎಷ್ಟು ಎಂದು ಇಬ್ಬರೂ ಒಟ್ಟಿಗೇ ಲೆಕ್ಕ ಹಾಕುತ್ತಿದ್ದೆವು; ಮೂರೂವರೆ ಗಂಟೆ ಮುಂದೆ, ಅತ್ತೆಯವರು ಮಲಗಿರುತ್ತಾರೆ.

ಕೊನೆಯ ಬೆಳಗ್ಗೆ ನನ್ನ ಬಂಡೆಗೆ ಇನ್ನೊಮ್ಮೆ ಹೋದೆ. ಒಂದು ಹೆಣ್ಣು ಆರೇಟಸ್ ಸಂದಿಯ ಬಾಯಲ್ಲಿ ನಿಂತಿತ್ತು. ಗಂಟಲು ಉಬ್ಬಿತ್ತು, ಪಾಚಿಯನ್ನು ಮೇಯುತ್ತಿರಲಿಲ್ಲ. ಬಾಯ್ತುಂಬ ಮೊಟ್ಟೆ ಹೊತ್ತು ಸುಮಾರು ಮೂರು ವಾರ ಉಪವಾಸವಿರುವ ತಾಯಿ. ಯುವಕ ದೋಣಿಯ ಸಮಯವಾಯಿತೆಂದು ಸನ್ನೆ ಮಾಡುವವರೆಗೂ ಅದರ ಮೇಲೆಯೇ ತೇಲುತ್ತಿದ್ದೆ.

ಮರಳಿ ಬಂದು ಮೊದಲ ವಾರದಲ್ಲಿಯೇ ತೊಟ್ಟಿಯ ವ್ಯವಸ್ಥೆಯನ್ನು ಬದಲಿಸಿದೆ. ದೊಡ್ಡ ಗಂಡನ್ನು ಬೇರೊಂದು ತೊಟ್ಟಿಗೆ ಒಂಟಿಯಾಗಿ ಬಿಟ್ಟೆ, ಹೆಣ್ಣುಗಳ ತೊಟ್ಟಿಯಲ್ಲಿ ಒಂದರಿಂದ ಇನ್ನೊಂದು ಕಾಣದಂತೆ ನೀರಿನ ಮಟ್ಟದವರೆಗೂ ಕಲ್ಲುಗಳನ್ನು ಪೇರಿಸಿದೆ. ಹೊಸ ಮೀನುಗಳನ್ನು ತರುವುದಿಲ್ಲವೆಂದೂ, ಈಗಿರುವವು ಆಯಸ್ಸು ಮುಗಿಸಿದ ಮೇಲೆ ಈ ಜಾತಿಯನ್ನು ಸಾಕುವುದನ್ನು ನಿಲ್ಲಿಸುವುದೆ‍ಂದೂ ತೀರ್ಮಾನಿಸಿದ್ದೇನೆ. ಎಂಟನೆಯ ವಾರ, ಮೈಸೂರಿನ ನಮ್ಮ ವೈದ್ಯರು ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿ ಹೇಳಿದ ಹಾಗೆ, ಲಿಲೊಂಗ್ವೆಯಿಂದ ತಂದ ಪ್ರಾಜಿಕ್ವಾಂಟೆಲ್ ಮಾತ್ರೆಗಳನ್ನು ಮಧ್ಯಾಹ್ನದ ಊಟದ ಜೊತೆಗೆ ನುಂಗಿದೆ. ಬಹಳ ಕಹಿ. ಒಂದೆರಡು ಗಂಟೆ ತಲೆ ಸುತ್ತಿ ಮಲಗಿದ್ದೆ. ಸಂಜೆ ಎದ್ದಾಗ ಸರಿಹೋಗಿತ್ತು. ಮೀನುಗಳಿಗೆ ಆಹಾರ ಹಾಕುವ ಹೊತ್ತಾಗಿತ್ತು.